ಎರಡು ಚುಕ್ಕೆಯ ಗೊಡವೆ

ಕಂಪ್ಯೂಟರಿನ ಕೀಲಿಮಣೆಯನ್ನು ಜೋಡಿಸಿದವರು ಟೈಮ್ ಆಫೀಸಿನಲ್ಲಿ ಒಂದು ದಿನವೂ ಕೂತವರಲ್ಲ ಎಂದು ನಾನು ಛಾಪಾಕಾಗದದ ಮೇಲೆ ಬೇಕಾದರೂ ಬರೆದುಕೊಡಬಲ್ಲೆ. ಬಲಗಡೆಗೆ ಒಂದರಿಂದ ಒಂಬತ್ತರವರೆಗೆ ಅಂಕಿಗಳನ್ನು ಅಚ್ಚುಕಟ್ಟಾಗಿ ಕೂರಿಸಿದ್ದಾರೆ. ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ಗುರುತುಗಳನ್ನು ಸುತ್ತ ಕಾವಲಿಗೆ ನಿಲ್ಲಿಸಿದ್ದಾರೆ. ಕೆಳಗೆ ಒಂದು ಚುಕ್ಕೆಯನ್ನೂ ಕೊಟ್ಟಿದ್ದಾರೆ. ಇಷ್ಟೆಲ್ಲ ಮಾಡಿದವರಿಗೆ ಆ ಚುಕ್ಕೆಯ ತಲೆಯ ಮೇಲೆ ಇನ್ನೊಂದು ಚುಕ್ಕೆ ಇಡಲು ಮಾತ್ರ ಕೈ ಬರಲಿಲ್ಲ.

ಎರಡು ಚುಕ್ಕೆ ಎಂದರೆ ಕೋಲನ್. ಗಂಟೆಗೂ ನಿಮಿಷಕ್ಕೂ ನಡುವೆ ನಿಲ್ಲುತ್ತದಲ್ಲ, ಅದು. ಅದು ಬೇಕೆಂದರೆ ಬಲಗೈ ಅಂಕಿಗಳ ಮನೆಯನ್ನು ಬಿಟ್ಟು ಅಕ್ಷರಗಳ ಓಣಿಗೆ ಬರಬೇಕು. ಎಡಗೈ ಎಲ್ಲಿದ್ದರೂ ಓಡಿಬಂದು ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿಯಬೇಕು. ಆಗ ಎರಡು ಚುಕ್ಕೆ ಬೀಳುತ್ತದೆ. ಬಲಗೈ ಮತ್ತೆ ಅಂಕಿಗಳ ಮನೆಗೆ. ಬಾವಿಗೂ ಬಚ್ಚಲಿಗೂ ಕೊಡ ಹೊತ್ತು ತಿರುಗಿದ ಹಾಗೆ. ಒಂದು ಸಲವಾದರೆ ಯಾರೂ ಪ್ರಬಂಧ ಬರೆಯುವುದಿಲ್ಲ. ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಆಗ 140 ಜನ. ಒಬ್ಬೊಬ್ಬರು ಒಳಗೆ ಬಂದ ವೇಳೆ ಒಂದು, ಹೊರಗೆ ಹೋದ ವೇಳೆ ಒಂದು. ದಿನಕ್ಕೆ 280 ಕೋಲನ್. ತಿಂಗಳಿಗೆ 26 ದಿನವೆಂದರೆ 7,280. ಇದನ್ನು ಲೆಕ್ಕ ಹಾಕಿದ್ದೂ ಎಕ್ಸೆಲ್ಲಿನಲ್ಲೇ, ಕೆಲಸದ ವೇಳೆಯಲ್ಲೇ.

ನನ್ನ ಹುದ್ದೆಯ ಹೆಸರು ದೊಡ್ಡದು, ಕೆಲಸ ಮಾತ್ರ ಇಷ್ಟೇ. ಗೇಟಿನ ಸೆಕ್ಯೂರಿಟಿ ತಾತ ಉದ್ದ ರಿಜಿಸ್ಟರಿನಲ್ಲಿ ನೀಲಿ ಇಂಕಿನಲ್ಲಿ ಬರೆದದ್ದನ್ನು ಮಾರನೆಯ ದಿನ ಎಕ್ಸೆಲ್ ಶೀಟಿಗೆ ಏರಿಸುವುದು, ತಿಂಗಳ ಕೊನೆಗೆ ಯಾರಿಗೆ ಎಷ್ಟು ಗಂಟೆ, ಎಷ್ಟು ಓಟಿ ಎಂದು ಒಪ್ಪಿಸುವುದು. ತಾತನ ಹೆಸರು ರಿಜಿಸ್ಟರಿನ ಕೊನೆಯ ಪುಟದಲ್ಲಿರುತ್ತಿತ್ತು. ಯಾರೂ ಆ ಹೆಸರು ಹಿಡಿದು ಕರೆದದ್ದನ್ನು ಕೇಳಿಲ್ಲ. ಓನರೂ ತಾತ ಎಂದೇ ಕರೆಯುತ್ತಿದ್ದರು. ಓನರಿಗಿಂತ ತಾತ ಎರಡು ವರ್ಷ ಚಿಕ್ಕವರು.

ತಾತನಿಗೆ ಕೋಲನ್ನಿನ ಪರಿಚಯವೇ ಇರಲಿಲ್ಲ. 9-10 ಎಂದು ನಡುವೆ ಅಡ್ಡಗೆರೆ ಎಳೆದು ಬರೆಯುತ್ತಿದ್ದರು. ಅದು ತಪ್ಪೆಂದು ಹೇಳುವ ಧೈರ್ಯ ನನಗೂ ಇಲ್ಲ. ನಮ್ಮ ಮದುವೆಯ ಕರೆಯೋಲೆಗಳೆಲ್ಲ ಹಾಗೆಯೇ ಅಚ್ಚಾಗಿವೆ. 9-10ರಿಂದ 10-5ರವರೆಗೆ ಸಲ್ಲುವ ಶುಭ ಲಗ್ನದಲ್ಲಿ ಎಂದು ಓದಿಯೇ ನಾವು ಊಟಕ್ಕೆ ಸರಿಯಾಗಿ ಹನ್ನೆರಡೂವರೆಗೆ ಹೋಗುತ್ತಾ ಬಂದವರು. ಕೆಲಸಕ್ಕೆ ಸೇರಿದ ಮೊದಲ ವಾರ ತಾತ ಬರೆದ ಹಾಗೆಯೇ 9-10 ಎಂದು ಹೊಡೆದೆ. ಎಂಟರ್ ಒತ್ತಿದೊಡನೆ ಅದು ಅಕ್ಟೋಬರ್ 9 ಆಯಿತು. 10-5 ಎಂದರೆ ಮೇ 10. ಒಂದು ಪುಟ ತುಂಬಿಸಿ ತಲೆ ಎತ್ತಿ ನೋಡಿದರೆ ನಮ್ಮ ವೆಲ್ಡಿಂಗ್ ಸೆಕ್ಷನ್ ಪೂರ್ತಿ ದಸರೆಯ ಆಸುಪಾಸಿನಲ್ಲಿ ಕೆಲಸಕ್ಕೆ ಬಂದಿತ್ತು.

ಆಮೇಲೆ ಅಡ್ಡಗೆರೆ ಬಿಟ್ಟು ಚುಕ್ಕೆ ಹಿಡಿದೆ. ಚುಕ್ಕೆಯಾದರೆ ಅಂಕಿಗಳ ಮನೆಯಲ್ಲೇ ಇದೆಯಲ್ಲ. ಸೆಲ್ಲುಗಳಿಗೆಲ್ಲ ವೇಳೆಯ ಫಾರ್ಮ್ಯಾಟ್ ಹಾಕಿಟ್ಟು 9.30 ಎಂದು ಹೊಡೆದೆ. 7:12 ಎಂದು ತೋರಿಸಿತು. ಮತ್ತೊಮ್ಮೆ ಹೊಡೆದೆ. ಮತ್ತೆ ಏಳು ಹನ್ನೆರಡು. ಎಕ್ಸೆಲ್ಲಿನ ಮಾತಿನಲ್ಲಿ 9.30 ಎಂದರೆ ಒಂಬತ್ತು ದಿನವೂ ಮೇಲೆ ಹತ್ತರಲ್ಲಿ ಮೂರು ಪಾಲು ದಿನವೂ ಎಂದರ್ಥ. ಇಪ್ಪತ್ತನಾಲ್ಕು ಗಂಟೆಯ ಹತ್ತರಲ್ಲಿ ಮೂರು ಪಾಲು ಎಂದರೆ ಏಳು ಗಂಟೆ ಹನ್ನೆರಡು ನಿಮಿಷ. ಲೆಕ್ಕ ಸರಿಯಾಗಿಯೇ ಇತ್ತು. ಇದು ನನಗೆ ತಿಳಿದದ್ದು ಬಹಳ ತಡವಾಗಿ. ಅಲ್ಲಿಯವರೆಗೆ ಕಂಪ್ಯೂಟರಿನ ಗಡಿಯಾರ ಕೆಟ್ಟಿದೆ ಎಂದು ಸರ್ವೀಸಿನವನಿಗೆ ಎರಡು ಸಲ ಫೋನ್ ಮಾಡಿದ್ದೆ. ಆತ ಎರಡು ಸಲವೂ ಬಂದು, ಗಡಿಯಾರ ನೋಡಿ, ಟೀ ಕುಡಿದು, ಸರಿಯಿದೆ ಎಂದು ಹೋಗಿದ್ದ.

ಏನೂ ಬೇಡವೆಂದು ಬರೀ 930 ಹೊಡೆದ ದಿನ ಸ್ವಾರಸ್ಯದ್ದು. ಸೆಲ್ಲಿನಲ್ಲಿ 0:00 ಎಂದು ಬಂತು. ಮೇಲಿನ ಉದ್ದನೆಯ ಪಟ್ಟಿಯಲ್ಲಿ ನೋಡಿದರೆ 18-07-1902. ಎಕ್ಸೆಲ್ 1900ರ ಜನವರಿ 1ನ್ನು ಒಂದನೇ ದಿನವೆಂದು ಎಣಿಸಲು ಕೂತಿರುತ್ತದೆ. 930ನೇ ದಿನ ಬರುವುದು 1902ರ ಜುಲೈ 18ಕ್ಕೆ. ಹೊರಗೆ ಹೋದ ವೇಳೆ 1745 ಎಂದು ಹೊಡೆದರೆ 1904ರ ಅಕ್ಟೋಬರ್ 10. ಆ ಸಾಲು ನಮ್ಮ ಫಿಟ್ಟರ್ ಒಬ್ಬನದು. ಆತ ಗೇಟಿನೊಳಗೆ ಬಂದಾಗ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯತೊಡಗಿ ಹದಿನೆಂಟೇ ದಿನ. ನಾಲ್ವಡಿ ಕೃಷ್ಣರಾಜ ಒಡೆಯರು ರಾಜ್ಯಾಧಿಕಾರ ವಹಿಸಿಕೊಳ್ಳಲು ಇನ್ನೂ ಮೂರು ವಾರ ಬಾಕಿ. ಆತ ಕೈ ತೊಳೆದು ಟಿಫಿನ್ ಕ್ಯಾರಿಯರ್ ಎತ್ತಿಕೊಂಡು ಹೊರಟಾಗ ಕುವೆಂಪು ಹುಟ್ಟಲು ಎಂಬತ್ತು ದಿನ ಉಳಿದಿತ್ತು. ಒಟ್ಟು 815 ದಿನ ಹಗಲೂ ರಾತ್ರಿ ದುಡಿದಿದ್ದಾನೆ. 1948ರ ಕಾರ್ಖಾನೆಗಳ ಕಾಯ್ದೆಯಂತೆ ಓಟಿಗೆ ದುಪ್ಪಟ್ಟು ಕೂಲಿ ಬೇರೆ ಕೊಡಬೇಕಿತ್ತು. ಓನರಿಗೆ ತೋರಿಸಿದ್ದರೆ ಅಲ್ಲೇ ಕುಸಿಯುತ್ತಿದ್ದರು.

ಹೀಗೆ ಎಲ್ಲ ಅಡ್ಡದಾರಿಗಳೂ ಮುಚ್ಚಿದ ಮೇಲೆ ಮತ್ತೆ ಶಿಫ್ಟ್ ಒತ್ತಿ ಎರಡು ಚುಕ್ಕೆಗೇ ಶರಣಾದೆ.

ಆ ಕೀಲಿಗೂ ನನಗೂ ಹಳೆಯ ಋಣವಿದೆ. ಪಿಯುಸಿ ಮುಗಿಸಿದ ವರ್ಷ ನನ್ನನ್ನು ತಿಪಟೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿಸಿದ್ದರು. ಟೈಪಿಂಗ್ ಬಂದರೆ ಗುಮಾಸ್ತನಾಗಬಹುದು, ಗುಮಾಸ್ತನಾದರೆ ಹೆಣ್ಣು ಸಿಗುತ್ತದೆ ಎಂಬುದು ಆಗಿನ ಕಾಲದ ತರ್ಕ. ಮೊದಲ ಹದಿನೈದು ದಿನ ಒಂದೇ ಪಾಠ. ಎ ಎಸ್ ಡಿ ಎಫ್ ಜಿ ಎಫ್, ಸೆಮಿಕೋಲನ್ ಎಲ್ ಕೆ ಜೆ ಎಚ್ ಜೆ. ಎಂಟು ರೆಮಿಂಗ್ಟನ್‌ಗಳು ಒಟ್ಟಿಗೆ ಕುಟ್ಟತೊಡಗಿದರೆ ಕೆಳಗಿನ ಕೊಬ್ಬರಿ ಮಂಡಿಯವರಿಗೆ ಮಾತು ಕೇಳಿಸುತ್ತಿರಲಿಲ್ಲ. ಬಲಗೈಯ ಕಿರುಬೆರಳಿನ ಸ್ವಂತ ಮನೆ ಆ ಸೆಮಿಕೋಲನ್ ಕೀಲಿ. ಶಿಫ್ಟ್ ಸೇರಿದರೆ ಅದೇ ಕೋಲನ್. ನನ್ನ ಕಿರುಬೆರಳು ಹುಟ್ಟಿನಿಂದಲೇ ಸೋಮಾರಿ. ಕೀಲಿಯನ್ನು ಪೂರ್ತಿ ಒತ್ತುತ್ತಿರಲಿಲ್ಲ. ಕಾಗದದ ಮೇಲೆ ಸೆಮಿಕೋಲನ್ ಇರಬೇಕಾದ ಕಡೆ ಇರುವೆ ಹೆಜ್ಜೆ ಇಟ್ಟಂತೆ ಮಸಕು. ಮೇಷ್ಟ್ರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ಏನಪ್ಪಾ, ಈ ಬೆರಳನ್ನು ಉಪ್ಪಿನಕಾಯಿಗೆ ಇಟ್ಕೊಂಡಿದ್ದೀಯಾ ಎಂದು ಕೇಳುತ್ತಿದ್ದರು. ಜೂನಿಯರ್ ಪಾಸಾಯಿತು. ಸೀನಿಯರ್ ಆಗಲಿಲ್ಲ. ಆ ಬೆರಳು ಮೂವತ್ತು ವರ್ಷದ ಮೇಲೆ ಪೀಣ್ಯದಲ್ಲಿ ಕಾದು ಕೂತು ಸೇಡು ತೀರಿಸಿಕೊಳ್ಳುತ್ತಿತ್ತು.

ನನ್ನ ಪಾಡು ನೋಡಿ ಅಕೌಂಟ್ಸಿನ ಹುಡುಗಿ ಮೊದಲ ಮದ್ದು ಹೇಳಿದಳು. ಎಕ್ಸೆಲ್ಲಿಗೆ ನಮ್ಮ ಕಾಗುಣಿತ ತಿದ್ದುವ ಒಂದು ಪಟ್ಟಿ ಇದೆಯಂತೆ, ಆಟೊಕರೆಕ್ಟ್ ಎಂದು. ಎರಡು ಚುಕ್ಕೆಯನ್ನು ಒಂದರ ಪಕ್ಕ ಒಂದು ಹೊಡೆದರೆ ಒಂದರ ಮೇಲೊಂದು ನಿಲ್ಲಿಸು ಎಂದು ಆ ಪಟ್ಟಿಯಲ್ಲಿ ಬರೆದಿಟ್ಟರೆ ಸಾಕು, ಅಂಕಿಗಳ ಮನೆಯಿಂದ ಕೈ ಎತ್ತದೆ 9..30 ಎಂದು ಹೊಡೆಯಬಹುದು. ಹೊಡೆದೆ. 9:30 ಆಯಿತು! ಆ ದಿನ ಅವಳಿಗೆ ಮದ್ದೂರು ವಡೆ ತರಿಸಿಕೊಟ್ಟೆ.

ಆದರೆ ನನಗೆ ಇನ್ನೊಂದು ಚಟವಿತ್ತು. ಶೀಟಿನ ಕೊನೆಯ ಕಾಲಮ್ಮು ಷರಾ. ಬಸ್ ಲೇಟು, ಮಗುವಿಗೆ ಜ್ವರ, ಊರಿಂದ ಬಂದದ್ದು ಎಂದೆಲ್ಲ ಅಲ್ಲಿ ಬರೆಯುತ್ತಿದ್ದೆ. ಬರೆದ ಮೇಲೆ ಎರಡು ಚುಕ್ಕೆ ಇಟ್ಟು ಬಿಡುವುದು ನನ್ನ ಅಭ್ಯಾಸ. ಹೇಳದೆ ಬಿಟ್ಟದ್ದು ಇನ್ನೂ ಇದೆ ಎಂಬ ಒಂದು ಸಾಹಿತ್ಯಿಕ ಭಾವ. ಈಗ ಆ ಚುಕ್ಕೆಗಳೆಲ್ಲ ಎದ್ದು ಒಂದರ ಮೇಲೊಂದು ನಿಂತವು. ತಿಂಗಳ ಪ್ರಿಂಟು ನೋಡುತ್ತಿದ್ದ ಓನರು ಕನ್ನಡಕ ಸರಿಮಾಡಿಕೊಂಡು, ಇವರ ತಾಯಿಗೆ ಹುಷಾರಿಲ್ಲ ಅಂತ ಬರೆದು ಕೋಲನ್ ಹಾಕಿದ್ದೀರಲ್ಲ, ಮುಂದೆ ಏನು ಬರೆಯೋಕೆ ಹೊರಟಿದ್ರಿ ಎಂದರು. ಏನಿಲ್ಲ ಸಾರ್ ಎಂದೆ. ಏನೋ ಇದೆ, ಹೇಳಿ ಎಂದು ಅವರು ಬಿಡಲೇ ಇಲ್ಲ. ಕೊನೆಗೆ ಆ ತಾಯಿಯ ಕಾಯಿಲೆಯನ್ನು ನಾನೇ ಸ್ವಲ್ಪ ಹೆಚ್ಚು ಮಾಡಿ ಹೇಳಬೇಕಾಯಿತು. ಅವನಿಗೆ ಐದು ಸಾವಿರ ಅಡ್ವಾನ್ಸ್ ಸಿಕ್ಕಿತು. ಕೇಳಿಯೇ ಇರಲಿಲ್ಲ, ಹೇಗೆ ಬಂತು ಎಂದು ಅವನು ಇವತ್ತಿಗೂ ಕೇಳುತ್ತಾನೆ.

ಕನ್ನಡದಲ್ಲಿ ಈ ಎರಡು ಚುಕ್ಕೆಗೆ ಇನ್ನೊಂದು ಅವತಾರವಿದೆ. ವಿಸರ್ಗ ಹೊಡೆಯುವ ಕೀಲಿ ಗೊತ್ತಿಲ್ಲದ ಎಷ್ಟೋ ಜನ ಅದರ ಬದಲು ಕೋಲನ್ನನ್ನೇ ಒತ್ತಿ ಮುಂದೆ ಹೋಗುತ್ತಾರೆ. ಸ್ಥಳೀಯ ಪತ್ರಿಕೆಗಳ ಶ್ರದ್ಧಾಂಜಲಿ ಜಾಹೀರಾತುಗಳಲ್ಲಿ ನೋಡಿ, ದುಃಖದ ನಡುವೆ ನಿಂತಿರುವುದು ಬಹಳ ಸಲ ನನ್ನ ಟೈಮ್ ಆಫೀಸಿನ ಕೋಲನ್ನೇ. ಅಂತಃಕರಣದ ನಡುವೆಯೂ ಅದೇ. ಒಂದು ಸಲ ಓಟಿ ಲೆಕ್ಕದಲ್ಲಿ ಮೈಮರೆತು ಕೂತವನಿಗೆ ಪೇಪರಿನಲ್ಲಿ ದು ಮತ್ತು ಖ ನಡುವಿನ ಆ ಚುಕ್ಕೆ ಕಂಡು, ಇದು ಎಷ್ಟು ಗಂಟೆ ಎಂದು ಓದುವ ಹಾಗೆ ಆಗಿತ್ತು.

ನಿಜವಾದ ಮದ್ದು ಕೊಟ್ಟವನು ಟೂಲ್ ರೂಮಿನ ಹುಡುಗ. ಐಟಿಐ ಓದಿದವನು, ಕೈಯೆಲ್ಲ ಗ್ರೀಸು. ಸಂಬಳದ ಚೀಟಿ ಕೇಳಲು ಬಂದವನು ನನ್ನ ಬೆರಳುಗಳ ಓಟ ನೋಡಿ ನಿಂತ. ಸಾರ್, ನೀವು 930 ಅಂತ ಹೊಡೀರಿ, ಮಿಕ್ಕಿದ್ದು ಅದೇ ನೋಡ್ಕೊಳ್ಳೋ ಹಾಗೆ ಮಾಡೋಣ್ವಾ ಎಂದ. 1902 ಬರುತ್ತಪ್ಪಾ ಎಂದೆ ನಾನು ಗಂಭೀರವಾಗಿ. ಅವನು ನಕ್ಕ. ಶೀಟಿನ ಕೆಳಗಿರುವ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ವ್ಯೂ ಕೋಡ್ ಎಂಬುದನ್ನು ಆರಿಸಿದ. ಬೆಳ್ಳನೆಯ ಒಂದು ಖಾಲಿ ಕಿಟಕಿ ತೆರೆಯಿತು. ಇಷ್ಟು ವರ್ಷ ನಾನು ಅಂಗಳದಲ್ಲಿ ಓಡಾಡಿದ ಮನೆಗೆ ಹಿತ್ತಿಲೊಂದಿದೆ ಎಂದು ಆಗಲೇ ಗೊತ್ತಾದದ್ದು.

ಅವನು ಹೇಳಿದ ಉಪಾಯ ನಾಲ್ಕನೇ ಕ್ಲಾಸಿನದು. 930ನ್ನು ನೂರರಿಂದ ಭಾಗಿಸು. ಭಾಗಲಬ್ಧ 9, ಅದು ಗಂಟೆ. ಶೇಷ 30, ಅದು ನಿಮಿಷ. ಎರಡನ್ನೂ ಟೈಮ್‌ಸೀರಿಯಲ್ ಎಂಬ ಸೂತ್ರದ ಕೈಗೆ ಕೊಟ್ಟರೆ ಅದು ವೇಳೆ ಮಾಡಿ ವಾಪಸು ಸೆಲ್ಲಿನಲ್ಲಿ ಇಡುತ್ತದೆ. ಶೀಟಿನಲ್ಲಿ ಏನಾದರೂ ಬದಲಾದ ಕೂಡಲೇ ಎದ್ದು ಇಷ್ಟು ಮಾಡು ಎಂದು, ಆ ಖಾಲಿ ಕಿಟಕಿಯಲ್ಲಿ ಬರೆದಿಡುವ ಮ್ಯಾಕ್ರೋ ಎಂಬ ಆಜ್ಞೆಗೆ ಹೇಳಿಡಬೇಕು. ಏಳೆಂಟು ಸಾಲು. ಭಾಗಲಬ್ಧ, ಶೇಷ ಎಂಬ ಮಾತುಗಳನ್ನು ನಾನು ಪ್ರೈಮರಿ ಶಾಲೆ ಬಿಟ್ಟ ಮೇಲೆ ಬಾಯಿ ಬಿಟ್ಟು ಆಡಿರಲಿಲ್ಲ. ಗ್ರೀಸಿನ ಕೈಯವನು ಹೇಳಿಕೊಟ್ಟಾಗ ಮಗ್ಗಿ ಪುಸ್ತಕದ ವಾಸನೆ ಬಂದಂತಾಯಿತು.

ಮೊದಲ ಸಲ ಓಡಿಸಿದಾಗ ಪರದೆ ಗಕ್ಕನೆ ನಿಂತು, ಒದ್ದಾಡಿ, ಕೊನೆಗೆ 0:00 ಎಂದು ಉಸುರಿತು. ಹುಡುಗ ತಲೆ ಕೆರೆದುಕೊಂಡ. ತಪ್ಪು ಬಹಳ ಸರಳ. ಸೆಲ್ಲು ಬದಲಾದರೆ ಏಳು ಎಂದು ಮ್ಯಾಕ್ರೋಗೆ ಹೇಳಿದ್ದೆವು. ಮ್ಯಾಕ್ರೋ ಎದ್ದು 930ನ್ನು ತಿದ್ದಿ ಬರೆಯಿತು. ಆಗ ಸೆಲ್ಲು ಬದಲಾಯಿತು. ಬದಲಾಯಿತಲ್ಲ ಎಂದು ಮತ್ತೆ ಎದ್ದಿತು. ನನ್ನ ಹೆಂಡತಿ ಊರಿಗೆ ಹೋದಾಗ ನಾನು ಸಾರಿಗೆ ಉಪ್ಪು ಹಾಕುವುದು ಹೀಗೆಯೇ. ಹಾಕಿದೆನೋ ಇಲ್ಲವೋ ಎಂದು ಹಾಕಿ, ಹಾಕಿದ್ದನ್ನು ಮರೆತು ಹಾಕಿ. ಇದಕ್ಕೂ ಮದ್ದಿದೆ. ತಿದ್ದುವ ಮುಂಚೆ, ಈಗ ಏನಾದರೂ ಬದಲಾದರೆ ಕಣ್ಣು ಮುಚ್ಚಿಕೊ ಎಂದು ಎಕ್ಸೆಲ್ಲಿಗೆ ಒಂದು ಸಾಲು. ತಿದ್ದಿದ ಮೇಲೆ, ಈಗ ಕಣ್ಣು ಬಿಡು ಎಂದು ಇನ್ನೊಂದು ಸಾಲು.

ಆಮೇಲೆ ಓಡಿತು. 930, ಎಂಟರ್. 845, ಎಂಟರ್. 1745, ಎಂಟರ್. ಬಲಗೈ ಒಂದೇ ಜಾಗದಲ್ಲಿ ಕೂತು ಕುಣಿಯಿತು. ಎಡಗೈಗೆ ಕೆಲಸವಿಲ್ಲದೆ ಟೀ ಲೋಟ ಹಿಡಿದುಕೊಂಡಿತು. ಒಂದು ಗಂಟೆಯ ಕೆಲಸ ಇಪ್ಪತ್ತೈದು ನಿಮಿಷಕ್ಕೆ ಬಂತು. ಹೊಸ ಸೈಕಲ್ ಕೊಡಿಸಿದ ಹುಡುಗನ ಹಾಗೆ ನಾನು ಅಗತ್ಯವಿಲ್ಲದ ವೇಳೆಗಳನ್ನೂ ಹೊಡೆದು ನೋಡಿದೆ. 975 ಎಂದು ಬೇಕಂತಲೇ ಹೊಡೆದೆ. ಒಂಬತ್ತು ಗಂಟೆ ಎಪ್ಪತ್ತೈದು ನಿಮಿಷ ಎಂಬುದು ಲೋಕದಲ್ಲಿಲ್ಲ. ಮ್ಯಾಕ್ರೋ ಬೈಯಲಿಲ್ಲ, 10:15 ಎಂದು ಬರೆಯಿತು. ಇಷ್ಟು ದೊಡ್ಡ ಮನಸ್ಸು ನಮ್ಮ ಟೈಪಿಂಗ್ ಮೇಷ್ಟ್ರಿಗೂ ಇರಲಿಲ್ಲ. ಆರು ಗಂಟೆಗೆ ಬಂದ ಬಾಯ್ಲರಿನವನಿಗೆ ಬರೀ 6 ಎಂದು ಹೊಡೆದರೆ ಮಾತ್ರ ನಡುರಾತ್ರಿ ಕಳೆದು ಆರು ನಿಮಿಷ ಎಂದು ತೋರಿಸಿ ಅವನನ್ನು ದೆವ್ವ ಮಾಡಿಬಿಡುತ್ತಿತ್ತು. ಎರಡು ಸೊನ್ನೆ ಮರೆಯಬಾರದು.

ಇನ್ನೊಂದು ಕೊರತೆಯನ್ನೂ ಹೇಳಿಬಿಡುತ್ತೇನೆ. ಮ್ಯಾಕ್ರೋ ಓಡಿದ ಮೇಲೆ ಅನ್‌ಡೂ ಇರುವುದಿಲ್ಲ. ಕಂಟ್ರೋಲ್ ಝಡ್ ಎಷ್ಟು ಒತ್ತಿದರೂ ಹಿಂದಿನದು ಹಿಂದಕ್ಕೆ ಬರುವುದಿಲ್ಲ.

ಮೂರನೇ ದಿನ ದೊಡ್ಡ ಪೆಟ್ಟು ಬಿತ್ತು. ಲೇತ್ ಸೆಕ್ಷನ್ನಿನ ಒಬ್ಬ ಬಂದಿರಲಿಲ್ಲ. ಅವನ ಸೆಲ್ಲಿನಲ್ಲಿ ಎಂದಿನಂತೆ ರಜೆ ಎಂದು ಬರೆದೆ. ಮ್ಯಾಕ್ರೋ ರಜೆಯನ್ನು ನೂರರಿಂದ ಭಾಗಿಸಲು ಹೋಗಿ, ಆಗದೆ, ಹಳದಿ ಗೆರೆ ಎಳೆದುಕೊಂಡು ಬಿದ್ದಿತು. ಕಿಟಕಿ ಮುಚ್ಚಿ ಮುಂದಿನವನಿಗೆ 915 ಹೊಡೆದೆ. 0:00. ಮತ್ತೊಬ್ಬನಿಗೆ 900. 0:00. ಇಡೀ ಕಾರ್ಖಾನೆ ಮತ್ತೆ 1902ಕ್ಕೆ ಜಾರಿತು. ಟೂಲ್ ರೂಮಿಗೆ ಓಡಿದೆ. ಹುಡುಗ ಬಂದು ನೋಡಿ ನಗಲು ಶುರುಮಾಡಿದ. ಕಣ್ಣು ಮುಚ್ಚಿಕೊ ಎಂಬ ಸಾಲು ಆದ ಮೇಲೆ, ಕಣ್ಣು ಬಿಡು ಎಂಬ ಸಾಲು ಬರುವ ಮುಂಚೆ ಮ್ಯಾಕ್ರೋ ಬಿದ್ದಿತ್ತು. ಎಕ್ಸೆಲ್ ಕಣ್ಣು ಮುಚ್ಚಿಕೊಂಡೇ ಕೂತಿತ್ತು. ನೀವು ಅವನಿಗೆ ರಜೆ ಹಾಕಿದ್ರಿ ಸಾರ್, ಇದೂ ರಜೆ ಹಾಕ್ತು ಎಂದ. ಎಕ್ಸೆಲ್ಲನ್ನು ಪೂರ್ತಿ ಮುಚ್ಚಿ ಮತ್ತೆ ತೆರೆದರೆ ಎದ್ದು ಕೂರುತ್ತದೆ. ಬರೆದದ್ದು ಅಂಕಿಯಾದರೆ ಮಾತ್ರ ಮುಟ್ಟು ಎಂದು ಇನ್ನೊಂದು ಸಾಲು ಸೇರಿಸಿ ಹೋದ.

ಲೆಕ್ಕ ಕೂಡಿಸುವಾಗಲೂ ಎಕ್ಸೆಲ್ ಇಂಥ ಒಂದೆರಡು ಆಟ ಆಡಿದೆ. ರಾತ್ರಿ ಪಾಳಿಯವನು 22:00ಕ್ಕೆ ಬಂದು 6:00ಕ್ಕೆ ಹೋದರೆ, ಆರರಿಂದ ಇಪ್ಪತ್ತೆರಡನ್ನು ಕಳೆ ಎಂದದ್ದಕ್ಕೆ ###### ಎಂದು ಬೇಲಿ ಕಟ್ಟಿಕೊಂಡಿತು. ಸೊನ್ನೆಗಿಂತ ಕೆಳಗಿನ ಕಾಲವನ್ನು ಅದು ತೋರಿಸುವುದಿಲ್ಲ. ತಿಂಗಳಿಡೀ ದುಡಿದವನ 208 ಗಂಟೆಯನ್ನು ಕೂಡಿಸಿದರೆ 16:00 ಎಂದಿತು. ಇಪ್ಪತ್ತನಾಲ್ಕಕ್ಕೊಮ್ಮೆ ದಿನ ಮುಗಿಯಿತೆಂದು ಕೈ ಝಾಡಿಸಿ ಮತ್ತೆ ಸೊನ್ನೆಯಿಂದ ಶುರುಮಾಡುವುದು ಅದರ ಗುಣ. ಎಂಟು ದಿನ ನುಂಗಿ ಹದಿನಾರು ಗಂಟೆ ಮಾತ್ರ ತೋರಿಸಿತ್ತು. ಫಾರ್ಮ್ಯಾಟಿನಲ್ಲಿ ಗಂಟೆಯ ಅಕ್ಷರವನ್ನು ಚೌಕ ಕಂಸದೊಳಗೆ ಕೂರಿಸಿದರೆ ನುಂಗಿದ್ದನ್ನೆಲ್ಲ ಕಕ್ಕುತ್ತದೆ.

ಇದನ್ನೆಲ್ಲ ತಿಳಿಯುತ್ತಾ ಹೋದಂತೆ ನನಗೆ ಒಂದು ಗುಟ್ಟು ಹೊಳೆಯಿತು. ಈ ಯಂತ್ರಕ್ಕೆ ಕೋಲನ್ನಿನ ಹಂಗೇ ಇಲ್ಲ. ಅದು ನಮ್ಮ ಕಣ್ಣಿಗೆ ಹಾಕಿಕೊಂಡ ಶಲ್ಯ. ಫಾರ್ಮ್ಯಾಟ್ ಕಳಚಿ ನೋಡಿದರೆ ಒಳಗೆ ಒಂಬತ್ತೂವರೆ ಎಂಬುದು 0.3958333. ಮಧ್ಯಾಹ್ನ ಹನ್ನೆರಡು ಎಂಬುದು 0.5. ಬೆಳಗಿನ ಆರು 0.25, ಸಂಜೆಯ ಆರು 0.75. ದಿನವೆಂದರೆ ಒಂದು. ಅದರಲ್ಲಿ ಎಷ್ಟು ಪಾಲು ಕಳೆಯಿತು ಎಂಬುದಷ್ಟೇ ಅದಕ್ಕೆ ಗೊತ್ತು.

ಇದನ್ನು ನೋಡಿದಾಗ ನೆನಪಾದವಳು ನನ್ನ ಅಜ್ಜಿ. ಅವಳಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಕಲಿಸಲು ಹೋದ ನನಗೇ ಕಡ್ಡಿ ತೋರಿಸಿ ಓಡಿಸಿದ್ದಳು. ಅವಳಿಗೆ ಇದ್ದದ್ದು ಕಾಲು ಹೊತ್ತು, ಅರ್ಧ ಹೊತ್ತು, ಮುಕ್ಕಾಲು ಹೊತ್ತು. ತೋಟಕ್ಕೆ ಬಂದ ಆಳು ಉಣ್ಣುವ ಹೊತ್ತಿಗೆ ಹೊರಟರೆ ಅರ್ಧಾಳು ಕೂಲಿ. 0.5. ಎಳ್ಳಷ್ಟೂ ವ್ಯತ್ಯಾಸವಿಲ್ಲ. ಹಳೆಯ ಪಂಚಾಂಗದವರೂ ಹಗಲು ರಾತ್ರಿ ಸೇರಿಸಿ ಅರವತ್ತು ಗಳಿಗೆ ಮಾಡಿ ಹಂಚಿದವರೇ. ಗಳಿಗೆಯೊಂದಕ್ಕೆ 24 ನಿಮಿಷ. ಹದಿನಾರನೇ ಒಂದು ಪಾಲಿಗೆ ಅಜ್ಜಿ ವೀಸ ಎನ್ನುತ್ತಿದ್ದಳು, ತೆಂಗಿನಕಾಯಿ ಪಾಲು ಮಾಡುವಾಗ. ದಿನದ ಒಂದು ವೀಸವೆಂದರೆ ಒಂದೂವರೆ ಗಂಟೆ. ಕ್ಯಾಲೆಂಡರಿನ ರಾಹುಕಾಲವೂ ಸರಿಯಾಗಿ ಒಂದು ವೀಸ. ಸೋಮವಾರ ಏಳೂವರೆಯಿಂದ ಒಂಬತ್ತರವರೆಗೆ ಎಕ್ಸೆಲ್ಲಿನ ಲೆಕ್ಕದಲ್ಲಿ 0.0625ರಷ್ಟು ರಾಹು. ನಮ್ಮ ಓನರು ಸಂಬಳದ ಚೆಕ್ಕಿಗೆ ಸಹಿ ಹಾಕದ ಕಾಲ ಅದು. ಸಹಿ ಹಾಕದ ಬೇರೆ ಕಾಲಗಳೂ ಇದ್ದವು, ಅವಕ್ಕೆ ಕ್ಯಾಲೆಂಡರಿನಲ್ಲಿ ಹೆಸರಿಲ್ಲ.

ಅಜ್ಜಿಯ ಹೊತ್ತಿಗೆ ಒಂದೇ ಒಂದು ಯಂತ್ರದ ಸಾಕ್ಷಿ ಇತ್ತು. ತೋಟದಾಚೆ ಹಾದುಹೋಗುವ ಅರಸೀಕೆರೆ ಕಡೆಯ ರೈಲು. ರೈಲು ಕೂಗಿದರೆ ಮುದ್ದೆಗೆ ಎಸರಿಡುತ್ತಿದ್ದಳು. ಒಂದು ದಿನ ರೈಲು ಬರಲೇ ಇಲ್ಲ. ಹೊಟ್ಟೆ ಚುರುಗುಟ್ಟಿ, ಹೊತ್ತಾಯ್ತು ಅಜ್ಜಿ, ಮುದ್ದೆ ಕಟ್ಟು ಎಂದು ನಾನು ರಾಗ ಎಳೆದೆ. ಅವಳು ಕಣದಲ್ಲಿ ಕಾಳು ಕೇರುತ್ತಾ, ತಲೆಯನ್ನೂ ಎತ್ತದೆ, ರೈಲೇ ಬಂದಿಲ್ವಲ್ಲೋ ಮಗ, ಹೊತ್ತೆಲ್ಲಾಯ್ತು ಎಂದಳು. ಅವತ್ತು ನಮ್ಮ ಮನೆಯಲ್ಲಿ ಸೂರ್ಯ ನೆತ್ತಿ ದಾಟಿ ಎಷ್ಟೋ ಹೊತ್ತಿನವರೆಗೆ ಮಧ್ಯಾಹ್ನವಾಗಲಿಲ್ಲ.

ಮ್ಯಾಕ್ರೋ ಉಳಿಸಿಕೊಟ್ಟ ಮೂವತ್ತೈದು ನಿಮಿಷವನ್ನು ನಾನು ಯಾವ ಘನಕಾರ್ಯಕ್ಕೂ ಬಳಸಲಿಲ್ಲ. ಬೆಳಿಗ್ಗೆ ಲೋಟ ಹಿಡಿದುಕೊಂಡು ಗೇಟಿನ ಹತ್ತಿರ ಹೋಗಿ ತಾತನ ಪಕ್ಕದ ಕಲ್ಲಿನ ಮೇಲೆ ಕೂರುವುದು ರೂಢಿಯಾಯಿತು. ಅಷ್ಟು ದಿನ ರಿಜಿಸ್ಟರ್ ನೋಡಿದ್ದೆ, ಅದನ್ನು ಬರೆಯುವುದನ್ನು ನೋಡಿರಲಿಲ್ಲ. ಒಂದು ದಿನ ಪ್ಯಾಕಿಂಗ್ ಸೆಕ್ಷನ್ನಿನ ಹೆಂಗಸೊಬ್ಬಳು ಸೆರಗಿನಿಂದ ಬೆವರೊರೆಸುತ್ತಾ ಓಡಿಬಂದಳು. ಗೋಡೆಯ ಗಡಿಯಾರದಲ್ಲಿ ಒಂಬತ್ತು ಕಳೆದು ಹದಿನೆಂಟು ನಿಮಿಷ. ತಾತ ಅದರ ಕಡೆಗೊಮ್ಮೆ ನೋಡಿ, ಪೆನ್ನಿನ ಕ್ಯಾಪು ತೆಗೆದು, 9-00 ಎಂದು ನಿಧಾನವಾಗಿ ಬರೆದರು. ನಾನು ಅಲ್ಲೇ ಇದ್ದೇನೆಂಬ ಅಳುಕೇನೂ ಇರಲಿಲ್ಲ.

ಆಗ ನನಗೆ ಹೊಳೆಯಿತು, ನನ್ನ ಶೀಟಿನಲ್ಲಿ ಯಾಕೆ ಅಷ್ಟೊಂದು 900 ಎಂದು. ಬೆರಳಿಗೆ ಹಗುರವೆಂದು ಖುಷಿಪಟ್ಟಿದ್ದೆನೇ ಹೊರತು ಅನುಮಾನ ಪಟ್ಟಿರಲಿಲ್ಲ. ತಿಂಗಳಿಗೆ ಮೂರು ಸಲ ತಡವಾದರೆ ಅರ್ಧ ದಿನ ಖೋತಾ ಎಂಬುದು ನಮ್ಮಲ್ಲಿನ ನಿಯಮ. ಏನು ತಾತ ಇದು ಎಂದು ದನಿ ತಗ್ಗಿಸಿ ಕೇಳಿದೆ. ಬಸ್ಸೇ ಬರ್ದಿದ್ಮೇಲೆ ಹೊತ್ತು ಹೆಂಗಾಯ್ತದೆ ಸಾ ಎಂದರು. ಬಸ್ಸು ಸರಿಯಾಗಿ ಬಂದ ದಿನ ತಡವಾಗಿ ಬಂದವರಿಗೆ ಹತ್ತಾರು ಕಡೆ 9-20, 9-25 ಎಂದು ಕಟ್ಟುನಿಟ್ಟಾಗಿ ಬರೆದದ್ದೂ ಅದೇ ರಿಜಿಸ್ಟರಿನಲ್ಲಿತ್ತು.

ಓನರಿಗೆ ಹೇಳಬೇಕೋ ಬೇಡವೋ ಎಂದು ಎರಡು ದಿನ ತಳಮಳವಾಯಿತು. ಟೂಲ್ ರೂಮಿನ ಹುಡುಗನ ಹತ್ತಿರ ಸುತ್ತಿ ಬಳಸಿ, ಕಂಪ್ಯೂಟರಿಗೆ ತಪ್ಪು ದಾಖಲೆ ಏರಿಸಿದರೆ ಏನಾಗುತ್ತದಪ್ಪಾ ಎಂದೆ. ಅವನು ಏನು ಅರ್ಥ ಮಾಡಿಕೊಂಡನೋ, ಎಕ್ಸೆಲ್ಲೇ ಒಂದು ಸುಳ್ಳು ಇಟ್ಕೊಂಡಿದೆ ಸಾರ್ ಎಂದು ಹೇಳಿ ಒಂದು ಖಾಲಿ ಸೆಲ್ಲಿನಲ್ಲಿ 60 ಹೊಡೆದು ತಾರೀಖಿನ ಫಾರ್ಮ್ಯಾಟ್ ಹಾಕಿ ತೋರಿಸಿದ. 29-02-1900. ಆ ವರ್ಷ ಫೆಬ್ರವರಿಗೆ ಇಪ್ಪತ್ತೆಂಟೇ ದಿನ. ನೂರರಿಂದ ಭಾಗವಾಗುವ ವರ್ಷ ನಾನೂರರಿಂದಲೂ ಭಾಗವಾಗದಿದ್ದರೆ ಅಧಿಕ ವರ್ಷವಲ್ಲ. ಎಕ್ಸೆಲ್ಲಿಗಿಂತ ಮುಂಚೆ ಲೋಟಸ್ 1-2-3 ಎಂಬುದೊಂದಿತ್ತು, ಅದರಲ್ಲಿ ಈ ಇಲ್ಲದ ದಿನ ಸೇರಿಹೋಗಿತ್ತು. ಅಲ್ಲಿಂದ ಲೆಕ್ಕ ತರುವವರ ತಾರೀಖು ಒಂದು ದಿನ ಆಚೀಚೆ ಆಗದಿರಲಿ ಎಂದು ಎಕ್ಸೆಲ್ಲಿನವರು ಗೊತ್ತಿದ್ದೂ ಅದನ್ನು ಹಾಗೆಯೇ ಇಟ್ಟುಕೊಂಡರು. ಇವತ್ತಿಗೂ ಇದೆ. ನಾನು ಓನರಿಗೆ ಏನೂ ಹೇಳಲಿಲ್ಲ.

ಈಗ ಗೇಟಿನಲ್ಲಿ ಹೆಬ್ಬೆಟ್ಟಿನ ಮೆಷಿನ್ ಬಂದಿದೆ. ವೇಳೆಗಳು ಕೋಲನ್ ಸಮೇತ ತಾವೇ ಬಂದು ಶೀಟಿನಲ್ಲಿ ಕೂರುತ್ತವೆ. ಅದರ ಮುಂದೆ ನನ್ನ ಏಳೆಂಟು ಸಾಲಿಗೆ ಕೆಲಸವಿಲ್ಲ, ಕಿರುಬೆರಳೂ ನಿವೃತ್ತವಾಗಿದೆ. ತಾತ ಮೆಷಿನ್ ಬರುವ ಎರಡು ತಿಂಗಳ ಮುಂಚೆಯೇ ಊರಿಗೆ ಹೋದರು. ಅವರು ಹೋದ ದಿನದ ಪುಟವನ್ನು ಮಾರನೆಯ ದಿನ ನಾನೇ ಏರಿಸಿದೆ. ಹಿಂದಿನ ಬೆಳಿಗ್ಗೆ ಜಾಲಹಳ್ಳಿ ಕ್ರಾಸಿನಲ್ಲಿ ನನ್ನ ಬಸ್ಸು ಕೆಟ್ಟು ನಿಂತು, ಅಲ್ಲಿಂದ ನಡೆದು, ಗೇಟು ಮುಟ್ಟಿದಾಗ ಒಂಬತ್ತೂ ಇಪ್ಪತ್ತೈದು. ನೀಲಿ ಇಂಕಿನಲ್ಲಿ ನನ್ನ ಹೆಸರಿನ ಮುಂದೆ 9-00 ಎಂದಿತ್ತು. 900 ಹೊಡೆದು ಎಂಟರ್ ಒತ್ತಿದೆ. ಮ್ಯಾಕ್ರೋ ಓಡಿದ ಮೇಲೆ ಅನ್‌ಡೂ ಇಲ್ಲವೆಂದು ಮೊದಲೇ ಹೇಳಿದ್ದೇನೆ.